ದೊಡ್ಡವ್ವನ ಕರೀ ರೂಪಾಯಿ

ಮನುಷ್ಯ ಅಳಿಯುತ್ತಾನೆ, ನಾಣ್ಯ ಉಳಿಯುತ್ತದೆ. ರಾಜರು ಹೋದರು, ಅವರ ಕೋಟೆಗಳಲ್ಲಿ ಬಾವಲಿಗಳು ಸಂಸಾರ ಹೂಡಿದವು, ಅವರ ಫರ್ಮಾನುಗಳನ್ನು ಗೆದ್ದಲು ಓದಿ ಮುಗಿಸಿತು. ಅವರು ಮುದ್ರೆ ಒತ್ತಿದ ಬೆಳ್ಳಿಯ ಚೂರು ಮಾತ್ರ ಕೈಯಿಂದ ಕೈಗೆ ನಡೆಯುತ್ತ ನಮ್ಮ ತನಕ ಬಂದಿದೆ. ಈ ಮಾತನ್ನು ನಾನು ಒಮ್ಮೆ ಸಿಂಧನೂರಿನಿಂದ ಮಸ್ಕಿಗೆ ಹೋಗುವ ಬಸ್ಸಿನಲ್ಲಿ ಪಕ್ಕದವರಿಗೆ ತಕ್ಕಮಟ್ಟಿನ ಗಾಂಭೀರ್ಯದಿಂದ ಹೇಳುತ್ತಿದ್ದಾಗ ಕಂಡಕ್ಟರು ಬಂದು, “ಅದೆಲ್ಲ ಇರ್ಲಿ ಯಜಮಾನ್ರ, ಮೂರು ರೂಪಾಯಿ ಚಿಲ್ಲರೆ ಐತೇನ್ ನೋಡ್ರಿ” ಎಂದ. ಆಗ ನನ್ನ ಜೇಬಿನಲ್ಲಿ ಹೈದರಾಬಾದ್ ಸಂಸ್ಥಾನದ ಎರಡು ಆಣೆಯ ಬಿಲ್ಲೆಯೂ ಬ್ರಿಟಿಷರ ಕಾಲದ ತೂತಿನ ಪೈಸೆಯೂ ಇದ್ದವು. ಮೂರು ರೂಪಾಯಿ ಇರಲಿಲ್ಲ.

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಗುಮಾಸ್ತನಾಗಿದ್ದವನು. ಸಾಹೇಬರ ಹಿಂದೆ ಮುದ್ರೆಯ ಪೆಟ್ಟಿಗೆ ಹೊತ್ತು ಸಿಂಧನೂರು, ಲಿಂಗಸುಗೂರು, ಮಸ್ಕಿ ಸಂತೆಗಳನ್ನು ಸುತ್ತುವುದು, ಕಿರಾಣಿಯವರ ಕಲ್ಲುಗಳನ್ನು ತೂಗಿ ನೋಡುವುದು ನನ್ನ ವೃತ್ತಿ. ಒಂದು ಸಲ ಒಬ್ಬ ಮುದಿ ಪತ್ತಾರ, ಅಂದರೆ ಅಕ್ಕಸಾಲಿಗ, ತೊಲದ ಕಲ್ಲಿನ ಜಾಗದಲ್ಲಿ ಬೆಳ್ಳಿ ರೂಪಾಯಿ ಇಟ್ಟು ತೂಗುತ್ತಿದ್ದುದನ್ನು ಹಿಡಿದೆವು. ಬ್ರಿಟಿಷರ ಕಲ್ದಾರ ರೂಪಾಯಿ ಸರಿಯಾಗಿ ಒಂದು ತೊಲ ತೂಗುತ್ತದೆ. ಹಿಂದಿನವರು ಅದನ್ನೇ ಕಲ್ಲು ಮಾಡಿಕೊಂಡಿದ್ದರು, ತಪ್ಪೇನಿಲ್ಲ. ಆದರೆ ಈತ ಇಟ್ಟಿದ್ದು ನಿಜಾಮರ ಹಾಲಿ ರೂಪಾಯಿ. ಅದು ಕಲ್ದಾರಕ್ಕಿಂತ ನಾಲ್ಕು ಗುಲಗಂಜಿ ಹಗುರ. ಬಂಗಾರ ಮಾರುವಾಗ ನಿಜಾಮರನ್ನು, ಕೊಳ್ಳುವಾಗ ಬ್ರಿಟಿಷರನ್ನು ತಕ್ಕಡಿಗೆ ಕರೆಯುತ್ತಿದ್ದ ಆ ಪುಣ್ಯಾತ್ಮ ಎರಡು ಸರ್ಕಾರಗಳು ಮುಳುಗಿದರೂ ತಾನು ಮಾತ್ರ ಮುಳುಗಿರಲಿಲ್ಲ. ಅಂದಿನಿಂದ ನನಗೆ ನಾಣ್ಯಗಳ ಮೇಲೆ ಗೌರವ ಹುಟ್ಟಿತು. ಪತ್ತಾರನ ಮೇಲೂ ಸ್ವಲ್ಪ ಹುಟ್ಟಿತು.

ನಿವೃತ್ತನಾದ ಮೇಲೆ ಸುತ್ತಲಿನ ಹಳ್ಳಿಗಳಲ್ಲಿ ನನಗೆ “ಹಳೇ ರೊಕ್ಕದ ಮುದುಕ” ಎಂಬ ಬಿರುದು ಬಂತು. ಶಾಲು ಬರಲಿಲ್ಲ, ಹಾರ ಬರಲಿಲ್ಲ, ಬಿರುದು ಮಾತ್ರ ಬಂತು. ಮೊಬೈಲು ಎಲ್ಲರ ಕೈಗೆ ಬಂದ ಮೇಲಂತೂ ನಮ್ಮ ಪಡಸಾಲೆ ಸಣ್ಣ ಕಚೇರಿಯಾಯಿತು. ಬಳಗಾನೂರಿನಿಂದ ಒಬ್ಬಾತ ಟ್ರ್ಯಾಕ್ಟರ್ ಚಿತ್ರವಿರುವ ಐದು ರೂಪಾಯಿ ನೋಟಿಗೆ ಪ್ಲಾಸ್ಟಿಕ್ ಹೊದಿಸಿ, ಮೇಲೆ ಕುಂಕುಮ ಇಟ್ಟು ತಂದ. ಮೊಬೈಲಿನಲ್ಲಿ ಅದಕ್ಕೆ ಐದು ಲಕ್ಷ ಅಂದಿದ್ದರಂತೆ.

“ನೀವೆಷ್ಟಂತೀರಿ?” ಎಂದ.

“ಐದು ರೂಪಾಯಿ.”

“ಮತ್ತ ಲಕ್ಷ ಎಲ್ಲಿ ಹೋತ್ರಿ?”

“ಮೊಬೈಲಿನ್ಯಾಗ ಐತಿ, ಅಲ್ಲೇ ಇರ್ತದ, ಚಿಂತಿ ಮಾಡಬ್ಯಾಡ.”

ತುರ್ವಿಹಾಳದಿಂದ ಇಬ್ಬರು ಹನುಮಂತನ ಚಿತ್ರವಿರುವ ಹಿತ್ತಾಳೆ ಬಿಲ್ಲೆಯನ್ನು ಕೆಂಪು ವಸ್ತ್ರದಲ್ಲಿ ಸುತ್ತಿಕೊಂಡು ಬಂದರು. ಅದು ಅಕ್ಕಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಅಂಥ ನಾಣ್ಯಕ್ಕೆ ದೂರದ ಕಂಪನಿಯವರು ಕೋಟಿ ಕೊಡುತ್ತಾರೆ ಎಂದು ಅವರಿಗೆ ಯಾರೋ ಹೇಳಿದ್ದರು. ಭತ್ತದ ಸೀಮೆಯಲ್ಲಿ ಅಕ್ಕಿಗೇನು ಬರ? ಒಂದು ತಾಟಿನಲ್ಲಿ ಸೋನಾ ಮಸೂರಿ ಹರವಿ ನಡುವೆ ಹನುಮಂತನನ್ನು ಕೂರಿಸಿದೆವು. ಹತ್ತು ನಿಮಿಷ ಮೂವರೂ ಉಸಿರು ಹಿಡಿದು ನೋಡಿದೆವು. ಒಂದು ಕಾಳೂ ಅಲುಗಲಿಲ್ಲ.

“ಇದು ಸ್ಟೀಮ್ ಅಕ್ಕಿ ಕಾಣ್ತದ್ರಿ,” ಎಂದ ಹಿರಿಯವ. “ಸ್ಟೀಮ್ ಇದ್ರ ಎಳಿಯಂಗಿಲ್ಲಂತ. ಕಚ್ಚಾ ಅಕ್ಕಿ ಇದ್ರ ತರ್ರಿ.”

ಕಚ್ಚಾ ಅಕ್ಕಿ ಬಂತು. ಅದೂ ಅಲುಗಲಿಲ್ಲ. ಹಳೇ ಅಕ್ಕಿ ಬೇಕು ಎಂದರು. ಒಳಗಿನಿಂದ ನನ್ನ ಹೆಂಡತಿ, “ಇನ್ನೊಂದ್ ಸಲ ಕೇಳಿದ್ರ ಅನ್ನ ಮಾಡೇ ತರ್ತೀನಿ. ಆಗ ನಿಮ್ಮ ಹೊಟ್ಟಿನಾರ ಎಳೀತದ” ಎಂದಳು. ಪರೀಕ್ಷೆ ಅಲ್ಲಿಗೆ ಮುಗಿಯಿತು.

ಈ ಹುಚ್ಚಿನಲ್ಲಿ ನನಗೊಬ್ಬರು ಜೊತೆಗಾರರಿದ್ದಾರೆ. ಲಿಂಗಸುಗೂರಿನ ಬಸ್ ನಿಲ್ದಾಣದ ಹತ್ತಿರ ಗಡಿಯಾರ ರಿಪೇರಿಯ ಡಬ್ಬಿ ಅಂಗಡಿ ಅವರದು. ನನಗಿಂತ ಎರಡು ವರ್ಷ ದೊಡ್ಡವರು. ನಾನು ಅವರನ್ನು ಭಾಯ್ ಎನ್ನುತ್ತೇನೆ, ಅವರು ನನ್ನನ್ನು ಸಾಹೇಬ್ರ ಎನ್ನುತ್ತಾರೆ. ನಾನು ಎಂದೂ ಸಾಹೇಬನಾಗಿರಲಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು, ಅದಕ್ಕೇ ಅನ್ನುತ್ತಾರೆ. ಈಗ ಗಡಿಯಾರ ರಿಪೇರಿಗೆ ಬರುವವರು ಕಡಿಮೆ, ಬಂದವರಿಗೂ ಸೆಲ್ ಸತ್ತಿರುತ್ತದೆ, ಗಡಿಯಾರ ಅಲ್ಲ. ಹಾಗಾಗಿ ಅವರ ಬಲಗಣ್ಣಿನ ಭೂತಗನ್ನಡಿಗೆ ಕೆಲಸವೆಂದರೆ ನಾಣ್ಯಗಳೇ. ಉರ್ದು, ಫಾರಸಿ ಅಕ್ಷರಗಳನ್ನು ಅವರು ಓದುತ್ತಾರೆ, ತೂಕವನ್ನು ನಾನು ನೋಡುತ್ತೇನೆ. ಖೊಟ್ಟಿಯೋ ಖರೆಯೋ ಎಂಬುದನ್ನು ಇಬ್ಬರೂ ಸೇರಿ ಕಲ್ಲಿನ ಮೇಲೆ ಬೀಳಿಸಿ ಕಿವಿಗೊಟ್ಟು ತೀರ್ಮಾನಿಸುತ್ತೇವೆ. ಒಳ್ಳೆಯ ಬೆಳ್ಳಿ ಬಿದ್ದಾಗ ಸ್ವಲ್ಪ ಹೊತ್ತು ಮಾತಾಡುತ್ತದೆ. ಸೀಸ ಬೆರೆತದ್ದು ಒಂದೇ ಮಾತಿಗೆ ಸುಮ್ಮನಾಗುತ್ತದೆ.

ನಾಣ್ಯ ಎಷ್ಟು ಸವೆದಿದೆ ಎಂದು ಹೇಳುವುದಕ್ಕೆ ಇಂಗ್ಲಿಷಿನವರು ಫೈನ್, ವೆರಿ ಫೈನ್ ಎಂದೆಲ್ಲ ದರ್ಜೆ ಮಾಡಿದ್ದಾರೆ. ನಮ್ಮ ಕಡೆ ಎಲ್ಲಕ್ಕೂ “ಫೈನ್ ಅದರೀ” ಅನ್ನುವ ರೂಢಿ ಇರುವುದರಿಂದ ಅದು ನಡೆಯಲಿಲ್ಲ. ಒಂದು ಮಧ್ಯಾಹ್ನ ಭಾಯ್ ಅಂಗಡಿಯಲ್ಲಿ ಕೂತು ನಮ್ಮದೇ ದರ್ಜೆಗಳನ್ನು ನೋಟುಬುಕ್ಕಿನಲ್ಲಿ ಬರೆದೆವು. ಟಂಕಸಾಲೆಯಿಂದ ಬಂದು ಯಾರ ಕೈಯೂ ತಾಗದ್ದು ಕೂಸು. ಒಂದೆರಡು ಕೈ ದಾಟಿ ಮೈ ಸ್ವಲ್ಪ ಮುಟ್ಟಿಸಿಕೊಂಡದ್ದು ಮದುಮಗ. ಉಬ್ಬುಗಳೆಲ್ಲ ತಗ್ಗಿ, ಆದರೂ ಓದುವುದಕ್ಕೆ ಬರುವಂಥದ್ದು ಸಂಸಾರಿ. ಗೆರೆ ಮಾತ್ರ ಉಳಿದದ್ದು ಅಜ್ಜ. ತೂಕ ಮತ್ತು ನಂಬಿಕೆಯಿಂದ ಮಾತ್ರ ಗುರುತು ಹಿಡಿಯಬೇಕಾದದ್ದು ಪಿತೃ. ಎರಡು ಕಾಯ್ದೆಗಳನ್ನೂ ಬರೆದೆವು. ಒಂದು: ಕೊಳ್ಳುವ ಆಸೆ ಇರುವವನು ಒಬ್ಬನೇ ದರ್ಜೆ ಹೇಳಬಾರದು, ಇನ್ನೊಬ್ಬ ಎದುರಿಗಿರಬೇಕು. ಎರಡು: ದರ್ಜೆಯನ್ನೂ ಅದರ ಕಾರಣವನ್ನೂ ನಾಣ್ಯದ ಒಡೆಯರ ಮುಂದೆ ಬಾಯಿಬಿಟ್ಟು ಹೇಳಬೇಕು. ಕಾಯ್ದೆ ಬರೆಯುವಾಗ ಮನುಷ್ಯ ಬಹಳ ದೊಡ್ಡವನಾಗಿರುತ್ತಾನೆ. ಸಹಿಯನ್ನೂ ಹಾಕಿದೆವು.

ಇನ್ನು ನನ್ನ ಆಸೆಯ ವಿಷಯ. ಹೈದರಾಬಾದಿನ ಚಾರ್ಮಿನಾರ್ ರೂಪಾಯಿಯನ್ನು ನಮ್ಮ ಕಡೆಯ ಹಿರಿಯರೆಲ್ಲ ನೋಡಿರುತ್ತಾರೆ. ಒಂದು ಮುಖದಲ್ಲಿ ಚಾರ್ಮಿನಾರ್, ಅದರ ಬಾಗಿಲೊಳಗೆ ನಿಜಾಮರ ಹೆಸರಿನ ಮೊದಲ ಅಕ್ಷರ. ಕೊನೆಯ ನಿಜಾಮರ ಆಳ್ವಿಕೆಯ ಶುರುವಿನಲ್ಲಿ ಕೆತ್ತಿದವನು ಆ ಅಕ್ಷರವನ್ನು ಅರ್ಧಕ್ಕೇ ಕೆತ್ತಿದ್ದ. ಆಮೇಲೆ ಪೂರ್ತಿ ಮಾಡಿದರು. ಪೂರ್ತಿ ಅಕ್ಷರದವು ಬೇಕಾದಷ್ಟು ಸಿಗುತ್ತವೆ. ಅರ್ಧ ಅಕ್ಷರದವು, ಅದರಲ್ಲೂ ಮೊದಲ ವರ್ಷದ್ದು, ಸುಲಭಕ್ಕೆ ಸಿಗುವುದಿಲ್ಲ. ನಾನು ಹನ್ನೆರಡು ವರ್ಷಗಳಿಂದ ಟಂಕಿಸಿದ ವರ್ಷಕ್ಕೊಂದರಂತೆ ಚಾರ್ಮಿನಾರ್ ರೂಪಾಯಿಗಳ ಸಾಲು ಕೂಡಿಸುತ್ತ ಬಂದಿದ್ದೆ. ಎಲ್ಲ ಇದ್ದವು, ಆ ಮೊದಲನೆಯದೊಂದು ಇರಲಿಲ್ಲ. ಬಾಯಿತುಂಬ ಹಲ್ಲಿದ್ದು ಮುಂದಿನದೊಂದು ಇಲ್ಲದವನಿಗೆ ನಗುವಾಗ ಏನಾಗುತ್ತದೋ ನನಗೆ ಆ ಡಬ್ಬಿ ತೆರೆದಾಗ ಅದಾಗುತ್ತಿತ್ತು.

ಮಸ್ಕಿಯಲ್ಲಿ ನನ್ನ ದೊಡ್ಡವ್ವ ಇದ್ದಾಳೆ, ತಾಯಿಯ ಅಕ್ಕ. ತೊಂಬತ್ತಕ್ಕೆ ಹತ್ತಿರ. ಮಗ ಹಿಟ್ಟಿನ ಗಿರಣಿ ನಡೆಸುತ್ತಾನೆ, ಮನೆ ತುಂಬ ಜನ, ಮನೆ ತುಂಬ ಹಿಟ್ಟಿನ ಧೂಳು. ಆಕೆ ಬಚ್ಚಲಲ್ಲಿ ಜಾರಿ ಮುಂಗೈಗೆ ಪಟ್ಟಿ ಹಾಕಿಸಿಕೊಂಡಿದ್ದಾಳೆಂದು ತಿಳಿದು ಒಂದು ಶುಕ್ರವಾರ ನೋಡಲು ಹೋದೆ. ಆಕೆ ಪೆಟ್ಟಿಗೆ ಮುಂದೆ ಕೂತು ಒಂದೇ ಕೈಯಲ್ಲಿ ಸೀರೆಗಳನ್ನು ತೆಗೆದು ಹಾಕುತ್ತಿದ್ದಳು. ಮೊಮ್ಮಗನಿಗೆ ಇಬ್ಬರು ಹೆಣ್ಣುಮಕ್ಕಳು, ಒಂದು ನಾಲ್ಕು ವರ್ಷದ್ದು, ಇನ್ನೊಂದು ಎರಡರದ್ದು. ಇಬ್ಬರಿಗೂ ತನ್ನ ಕೈಯಾರೆ ಬೆಳ್ಳಿ ಗೆಜ್ಜೆ ಮಾಡಿಸಿ ಹಾಕಬೇಕು, ಅದೂ ಮಗನ ಮುಂದೆ ಕೈ ಚಾಚದೆ. ಅದಕ್ಕಾಗಿ ತನ್ನ ಪೆಟ್ಟಿಗೆಯಲ್ಲಿ ಏನಿದೆ ಎಂದು ಹುಡುಕುತ್ತಿದ್ದಳು.

“ಲೇ ತಮ್ಮಾ, ಬರೋಬ್ಬರಿ ಬಂದಿ ನೋಡು,” ಎಂದಳು. “ನಿನಗ ಹಳೇ ರೊಕ್ಕದ ಹುಚ್ಚು ಹಿಡದೈತಂತಲ್ಲ. ಇದನ್ನಿಷ್ಟು ನೋಡು. ನಮ್ಮ ಅಜ್ಜಿ ಮದುವ್ಯಾಗ ಮುಯ್ಯಿ ಬಂದದ್ದಂತ ಇದು. ಆಕಿ ಖರ್ಚ ಮಾಡ್ಲಿಲ್ಲ, ನಮ್ಮವ್ವ ಮಾಡ್ಲಿಲ್ಲ, ನಾ ಮಾಡ್ಲಿಲ್ಲ.”

ಹಳೇ ಖಣದ ತುಂಡೊಂದನ್ನು ಬಿಚ್ಚಿ ಕೈಯಲ್ಲಿಟ್ಟಳು. ಚಾರ್ಮಿನಾರ್ ರೂಪಾಯಿ. ನೂರು ವರ್ಷ ಬಟ್ಟೆಯೊಳಗೆ ಕೂತು ಕೂತು ಅದರ ಬೆಳ್ಳಿ ಕಪ್ಪಾಗಿತ್ತು. ಬರೀ ಕಪ್ಪಲ್ಲ: ಕಾಲುವೆ ನೀರಿಗೆ ಪಂಪ್‌ಸೆಟ್ಟಿನ ಡೀಸೆಲ್ ಬಿದ್ದಾಗ ಏಳುವ ನೀಲಿ, ನೇರಳೆ, ಅಂಚಿಗೆ ಬೆಲ್ಲದ ಪಾಕದ ಬಣ್ಣ. ಆ ಬಣ್ಣವೇ ಸಾಕ್ಷಿ, ಇದನ್ನು ಯಾರೂ ಉಜ್ಜಿಲ್ಲ, ತಿಕ್ಕಿಲ್ಲ, ಖರ್ಚು ಮಾಡಿಲ್ಲ ಎಂಬುದಕ್ಕೆ. ಒಂದು ಗೆರೆಯೂ ಸವೆದಿರಲಿಲ್ಲ. ಕೂಸು. ಕನ್ನಡಕ ಏರಿಸಿ ಬಾಗಿಲೊಳಗೆ ನೋಡಿದೆ. ಅರ್ಧ ಅಕ್ಷರ.

ಇಲ್ಲಿ ನಮ್ಮ ಸೀಮೆಯ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮಲ್ಲಿ ಯಾರೂ ತಾವು ಕೊಳ್ಳಬೇಕೆಂದಿರುವ ವಸ್ತುವನ್ನು ಹೊಗಳುವುದಿಲ್ಲ. ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿದವನು ಒಳಗೆ ಮುತ್ತಿನಂಥ ಹಲ್ಲಿದ್ದರೂ ಮುಖ ಸಿಂಡರಿಸಿ, “ವಯಸ್ಸಾಗೈತಿ” ಅನ್ನಬೇಕು. ಭತ್ತ ನೋಡಲು ಬಂದ ವ್ಯಾಪಾರಿ ನಾಲ್ಕು ಕಾಳು ಅಂಗೈಯಲ್ಲಿ ಉಜ್ಜಿ ಊದಿ, “ಹಸಿ ಐತಿ, ನುಚ್ಚು ಬಾಳ ಬರ್ತದ” ಅನ್ನಬೇಕು. ಮಾರುವವನಿಗೂ ಇದು ಗೊತ್ತು. ಹೆಸರಿಡದೆ, ಅಂದರೆ ಕೊರತೆ ಎಣಿಸದೆ, ಕೊಂಡರೆ ಅವನಿಗೇ ಅನುಮಾನ ಬರುತ್ತದೆ, ಎಲ್ಲೋ ತಾನು ಮೋಸ ಹೋದೆ ಎಂದು. ಮೂವತ್ತು ವರ್ಷ ಸಂತೆಗಳಲ್ಲಿ ಓಡಾಡಿದವನ ನಾಲಿಗೆ ಮನಸ್ಸನ್ನು ಕೇಳಿ ಆಡುವುದಿಲ್ಲ.

“ಕರ್ರಗಾಗೈತಲ್ಲ ದೊಡ್ಡವ್ವ,” ಎಂದೆ.

“ಹೌದೇನು?”

“ಎಣ್ಣಿಜಿಡ್ಡು, ಧೂಳು, ಏನೇನೋ ಹಿಡದೈತಿ. ಹೊರಗ ಯಾರೂ ಕೇಳಂಗಿಲ್ಲ. ನಾನಾದ್ರ, ಮನೀದು ಅಂತ, ಎರಡು ಸಾವಿರ ಕೊಡ್ತೀನಿ.”

“ಎರಡು ಸಾವಿರಕ್ಕ ಈಗ ಬೆಳ್ಳಿ ಅಂಗಡ್ಯಾಗ ನೀರೂ ಕೊಡಂಗಿಲ್ಲ,” ಎಂದಳು ದೊಡ್ಡವ್ವ. “ಇಬ್ಬರಿಗೂ ಜೋಡಿ ಬರಂಗಿಲ್ಲ. ಹುಡುಗ್ಯಾರಿಬ್ಬರೂ ಒಂದೊಂದ್ ಕಾಲಿಗೆ ಹಾಕ್ಕೊಂಡು ಕುಂಟಲಿ ಅಂತಿ ಏನ್?”

“ಕಪ್ಪ ಐತಲ್ಲ ಮತ್ತ. ಬೆಳ್ಳಗಿದ್ರ ಮಾತು ಬ್ಯಾರೆ ಇತ್ತು.”

ಈ ಕೊನೆಯ ವಾಕ್ಯದ ಅವಶ್ಯಕತೆ ಇರಲಿಲ್ಲ. ಎತ್ತಿನ ವ್ಯಾಪಾರದಲ್ಲಿ ಆಡುವ ಮಾತು ಅದು. ಎತ್ತಿನ ಒಡೆಯ ಅದನ್ನು ಕೇಳಿ ಮನೆಗೆ ಹೋಗಿ ಎತ್ತಿಗೆ ಹೊಸ ಹಲ್ಲು ಕಟ್ಟಿಸುವುದಿಲ್ಲ.

ದೊಡ್ಡವ್ವ ಸ್ವಲ್ಪ ಹೊತ್ತು ರೂಪಾಯಿಯನ್ನೇ ನೋಡಿದಳು. “ಆತು ಬಿಡು,” ಎಂದಳು. “ಇವತ್ತಂತೂ ಕೊಡಂಗಿಲ್ಲ. ಶುಕ್ರವಾರ ಲಕ್ಷ್ಮೀನ್ನ ಹೊಸ್ತಿಲಾ ದಾಟಸಬಾರದು. ಐತಾರ ಬಾ. ಬರೂಮುಂದ ರೊಕ್ಕ ತಗೊಂಬಾ.”

ಶುಕ್ರವಾರ ಅಲ್ಲದಿದ್ದರೆ ಅಂದೇ ರೂಪಾಯಿ ನನ್ನ ಜೇಬಿನಲ್ಲಿರುತ್ತಿತ್ತು. ದೇವರಿಗೂ ವ್ಯಾಪಾರ ಗೊತ್ತು ಎಂದು ಈಗ ಅನ್ನಿಸುತ್ತದೆ.

ಭಾನುವಾರ ಬಂತು. ಮಸ್ಕಿ ನಮ್ಮಿಬ್ಬರ ಊರಿನ ನಡುವೆ ಇದೆ. ನಾನು ಸಿಂಧನೂರಿನಿಂದ, ಭಾಯ್ ಲಿಂಗಸುಗೂರಿನಿಂದ ಬಂದು ಬಸ್ ನಿಲ್ದಾಣದೆದುರಿನ ಹೋಟೆಲಿನಲ್ಲಿ ಚಹಾಕ್ಕೆ ಕೂತೆವು. ಕಾಯ್ದೆಯ ಪ್ರಕಾರ ದರ್ಜೆ ಹೇಳಲು ಅವರು ಬೇಕಿತ್ತು. ನಾನು ಶುಕ್ರವಾರದ ಕಥೆಯನ್ನು ಹೇಳಿದೆ. ಅವರು ಬಸಿಯಲ್ಲಿ ಚಹಾ ಹೊಯ್ದುಕೊಂಡು ಕೇಳಿದರು.

“ನೀಲಿ ಬಣ್ಣ ಇತ್ತಂತೀರಿ.”

“ಹೌದು ಭಾಯ್.”

“ಅಂಚಿಗೆ ಜೇನಿನಂಥದು.”

“ಹೌದು.”

“ಅದನ್ನ ನೀವು ಎಣ್ಣಿಜಿಡ್ಡು ಅಂದ್ರಿ.”

“ವ್ಯಾಪಾರ ಭಾಯ್.”

“ಸರಿ ಸರಿ,” ಎಂದು ಭಾಯ್ ಚಹಾ ಕುಡಿದರು. “ಎಷ್ಟ್ ಬೆಲೆ ಬಾಳಬಹುದದು?”

“ಕಡಿಮೆ ಅಂದ್ರೂ ಒಂಬತ್ತು ಸಾವಿರ.”

“ಎರಡಕ್ಕ ಕೇಳೀರಿ. ಸ್ವಂತ ದೊಡ್ಡವ್ವ.” ಬಸಿ ಕೆಳಗಿಟ್ಟರು. “ಬೇಗಾನೆ ಇದ್ದಿದ್ರ ಏನ್ ಮಾಡ್ತಿದ್ರೋ.”

ಬೇಗಾನೆ ಎಂದರೆ ಪರರು. ಪರರಾಗಿದ್ದರೆ ನಾಲ್ಕು ಸಾವಿರಕ್ಕೆ ಕೇಳುತ್ತಿದ್ದೆ ಎಂಬುದು ಸತ್ಯ. ಪರರು ಬೇರೆಯವರಿಗೂ ತೋರಿಸಿಯಾರು ಎಂಬ ಭಯ ಇರುತ್ತದೆ. ಇದನ್ನು ಭಾಯ್‌ಗೆ ಹೇಳಲಿಲ್ಲ. ಚಹಾದ ದುಡ್ಡು ನಾನೇ ಕೊಟ್ಟೆ.

ಮನೆಗೆ ಹೋದೆವು. ಗಿರಣಿ ಆ ಹೊತ್ತು ನಿಂತಿತ್ತು. ದೊಡ್ಡವ್ವ ತಲೆ ಬಾಚಿಕೊಂಡು, ಪಟ್ಟಿ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಂಬಕ್ಕೆ ಒರಗಿ ಕೂತಿದ್ದಳು. ನಮಗೆ ಚಾಪೆ ಹಾಕಿದರು, ನೀರು ಕೊಟ್ಟರು. ಭಾಯ್ ಚೀಲದಿಂದ ಕರೀ ಮಖಮಲ್ಲಿನ ತುಂಡು ತೆಗೆದು ಹಾಸಿದರು, ಭೂತಗನ್ನಡಿಯನ್ನು ಅಂಗಿಯ ತುದಿಗೆ ಒರೆಸಿಕೊಂಡರು. ನಾನು ಸಣ್ಣ ತಕ್ಕಡಿಯನ್ನು ಬಿಚ್ಚಿದೆ. ಒಂದು ನ್ಯಾಯಾಲಯಕ್ಕೆ ಬೇಕಾದ ವಾತಾವರಣವೆಲ್ಲ ಕೂಡಿಬಂತು.

ದೊಡ್ಡವ್ವನ ಸೊಸೆ, ನನಗೆ ವರಸೆಯಲ್ಲಿ ವೈನಿ, ಒಳಗಿನಿಂದ ಒಂದು ಸ್ಟೀಲ್ ತಾಟು ತಂದಿಟ್ಟಳು. ಎರಡು ವೀಳ್ಯದೆಲೆ, ಮೇಲೊಂದು ಅಡಿಕೆ, ಅದರ ಪಕ್ಕ ರೂಪಾಯಿ. ತಾಟಿಗೂ ರೂಪಾಯಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಎರಡೂ ಒಂದೇ ಸಮ ಹೊಳೆಯುತ್ತಿದ್ದವು.

ಭಾಯ್ ರೂಪಾಯಿಯ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ಎತ್ತಿದರು, ಕಣ್ಣಿಗೆ ಗಾಜು ಸಿಕ್ಕಿಸಿ ಮುಂದೆ ನೋಡಿದರು, ಹಿಂದೆ ನೋಡಿದರು. ಆಮೇಲೆ ಗಾಜು ತೆಗೆದು, ಸಾವಿನ ಮನೆಗೆ ಹೋದವರು ಕೇಳುವ ದನಿಯಲ್ಲಿ ಮೆಲ್ಲಗೆ ಕೇಳಿದರು:

“ಯಾವಾಗ ಆತ್ರೀ ಇದು?”

“ಶನಿವಾರ ಮುಂಜಾನೆ,” ಎಂದಳು ವೈನಿ ಉತ್ಸಾಹದಿಂದ. “ಅತ್ತಿ ಬಿಡ್ಲೇ ಇಲ್ರೀ. ಪೈಲೆ ಹುಣಸೀಹಣ್ಣಿನ್ಯಾಗ ನೆನಿ ಇಟ್ವಿ. ಆಮ್ಯಾಲ ಸೋಸಿದ ಬೂದಿ ಹಾಕಿ ತಿಕ್ಕಿದೆ. ಮೂಲ್ಯಾಗಿನ ಕಪ್ಪ ಹೋಗಲಿಲ್ಲ ನೋಡ್ರಿ, ಅದಕ್ಕ ಹಲ್ಲಪುಡಿ ಹಾಕಿ ಬ್ರಶ್ ಹಚ್ಚಿದೆ. ನನ್ನ ಬೆರಳೆಲ್ಲ ಬಿರಿತು.”

“ನಾಲ್ಕು ಮಂದಿ ನೋಡಾಕ ಬರಾಕತ್ತಾರ, ಹೊಲಸ ಇಟ್ಟು ತೋರಿಸಾಕ ಬರ್ತದೇನು?” ಎಂದಳು ದೊಡ್ಡವ್ವ. “ಇವನೇ ಅಂದ, ಬೆಳ್ಳಗಿದ್ರ ಮಾತು ಬ್ಯಾರೆ ಅಂತ. ಈಗ ಹೇಳಪಾ, ಏನ್ ಮಾತು?”

ಮನೆಗೆ ಜನ ಬರುವರೆಂದರೆ ನಮ್ಮ ಹೆಣ್ಣುಮಕ್ಕಳು ಮೊದಲು ಹಿತ್ತಾಳೆ ತಾಮ್ರಗಳನ್ನು ಹುಣಸೆಹಣ್ಣಿನಲ್ಲಿ ಬೆಳಗುತ್ತಾರೆ. ಬೆಳಗದ ಪಾತ್ರೆಯಲ್ಲಿ ನೀರು ಕೊಟ್ಟರೆ ಕೊಟ್ಟವರಿಗೆ ಅವಮಾನ. ಅದು ಗೊತ್ತಿದ್ದೂ ನಾನು ನೂರು ವರ್ಷದ ಕಪ್ಪನ್ನು ಹೊಲಸು ಎಂದು ಕರೆದು ಹೋಗಿದ್ದೆ.

ಕ್ರಮ ಬಿಡಬಾರದೆಂದು ಎಲ್ಲವನ್ನೂ ಮಾಡಿದೆವು. ತೂಗಿದೆ: ತೂಕ ಸರಿ ಇತ್ತು. ಗಿರಣಿಯ ಕಲ್ಲಿನ ಮೇಲೆ ಬೀಳಿಸಿದೆವು: ಚೆನ್ನಾಗಿ ಮಾತಾಡಿತು, ತನಗೇನಾಗಿದೆ ಎಂದು ಅದಕ್ಕೆ ತಿಳಿದಂತಿರಲಿಲ್ಲ. ಭಾಯ್ ವರ್ಷ ಓದಿದರು: ಮೊದಲ ವರ್ಷ. ಬಾಗಿಲೊಳಗಿನ ಅಕ್ಷರ: ಅರ್ಧ. ಎಲ್ಲ ಖರೆ. ಮೈಮೇಲೆ ಮಾತ್ರ ಬ್ರಶ್ಶಿನ ಸಣ್ಣ ಗೆರೆಗಳು, ಒಣಹುಲ್ಲು ಎಳೆದಾಡಿದ ಕಣದ ಹಾಗೆ. ಬಣ್ಣ ಪೂರ್ತಿ ಹೋಗಿತ್ತು, ಹೊಸ ನಾಣ್ಯದ ಮೈಯಲ್ಲಿರುವ ತೆಳುವಾದ ಹೊಳಪೂ ಹೋಗಿತ್ತು. ಅಂಥ ರೂಪಾಯಿಗೆ ಎಷ್ಟು ಅಪರೂಪದ ವರ್ಷವಿದ್ದರೂ ಎರಡು, ಎರಡೂವರೆ ಸಾವಿರದ ಮೇಲೆ ಯಾರೂ ಕೊಡುವುದಿಲ್ಲ.

ಅಂದರೆ ನಾನು ಶುಕ್ರವಾರ ಕೇಳಿದ ಬೆಲೆ.

ಇದು ತಲೆಗೆ ಬಂದಾಗ ನನ್ನ ಮನಸ್ಸು ಸ್ವಲ್ಪ ಹೊತ್ತು ಬಹಳ ನಿರ್ಮಲವಾಯಿತು. ಶುಕ್ರವಾರ ಹೇಳಿದ ಸುಳ್ಳು ಭಾನುವಾರದ ಹೊತ್ತಿಗೆ ಸತ್ಯವಾಗಿ ಕೂತಿತ್ತು. ಈಗ ನಾನು ಎರಡು ಸಾವಿರ ಎಣಿಸಿ ಕೊಟ್ಟರೆ ಜಗತ್ತಿನ ಯಾವ ನಾಣ್ಯತಜ್ಞನೂ ನನ್ನನ್ನು ಬೈಯಲಾರ. ಸಾಲು ಪೂರ್ತಿಯಾಗುತ್ತದೆ. ನಾನು ಪ್ರಾಮಾಣಿಕನೂ ಆಗುತ್ತೇನೆ. ಇಷ್ಟು ಕಡಿಮೆ ಖರ್ಚಿನಲ್ಲಿ ಪ್ರಾಮಾಣಿಕನಾಗುವ ಅವಕಾಶ ಮನುಷ್ಯನಿಗೆ ಪದೇ ಪದೇ ಬರುವುದಿಲ್ಲ.

“ಎರಡು ಸಾವಿರ, ನಾ ಅಂದಂಗ,” ಎಂದು ಜೇಬಿಗೆ ಕೈ ಹಾಕಿದೆ.

“ಏನಲೇ ಇದು,” ಎಂದಳು ದೊಡ್ಡವ್ವ. “ಕಪ್ಪಿದ್ದಾಗೂ ಎರಡು, ತೊಳದ ಮ್ಯಾಲೂ ಎರಡೇನು? ಆಕಿ ಬೆರಳು ಬಿರಿದದ್ದು ಯಾತಕ್ಕ? ಐದಾದ್ರೂ ಅಂತಿ ಅಂದಿದ್ದೆ ನಾನು. ದೊಡ್ಡಾಕಿಗೆ ನಿನ್ನೆನೇ ಕಾಲಿನ ಅಳತಿ ತಗೊಂಡೀವಿ. ಸಣ್ಣಾಕಿದು ಹೆಂಗ ಮಾಡ್ಲಿ?”

ನಾನು ಭಾಯ್ ಕಡೆ ನೋಡಿದೆ, ಏನಾದರೂ ಹೇಳಿ ದಾಟಿಸುತ್ತಾರೇನೋ ಎಂದು. ಅವರು ಚೀಲದಿಂದ ನೋಟುಬುಕ್ಕು ತೆಗೆದರು, ಹಾಳೆ ತಿರುವಿದರು, ಪೆನ್ನಿನ ಟೋಪಿ ಬಿಚ್ಚಿದರು.

“ಕಾಯ್ದೆ ನಂಬರ್ ಎರಡು, ಸಾಹೇಬ್ರ,” ಎಂದರು. “ದರ್ಜೆ ಹೇಳ್ರಿ. ಕಾರಣಾನೂ ಹೇಳ್ರಿ. ಅಮ್ಮಾಗ ಕೇಳೂವಂಗ ಹೇಳ್ರಿ, ಅವ್ರ ಕಿವಿ ಸ್ವಲ್ಪ ದೂರ ಅದ.”

ಕಾಯ್ದೆ ಬರೆದವನೇ ಕಾಯ್ದೆಯ ಕೈಗೆ ಸಿಕ್ಕಿಬೀಳುವುದನ್ನು ನಾನು ಇಲಾಖೆಯಲ್ಲಿ ನೋಡಿದ್ದೆ. ಆಗ ನಕ್ಕಿದ್ದೆ.

“ದೊಡ್ಡವ್ವ,” ಎಂದೆ. “ಈ ರೂಪಾಯಿ ಶುಕ್ರವಾರ ಕೂಸು ಇತ್ತು.”

“ಏನಿತ್ತು?”

“ಅಂದ್ರ ಹೊಸಾದು. ಯಾರೂ ಮುಟ್ಟಲಾರದ್ದು. ಆ ಕಪ್ಪ ಐತಲ್ಲ, ಅದು ಹೊಲಸಲ್ಲ. ಬೆಳ್ಳಿ ತಾನಾಗೇ ನೂರು ವರ್ಷಕ್ಕ ಹಾಕ್ಕೊಂಡ ಬಣ್ಣ. ಅದಿದ್ರನ ಬೆಲಿ. ಈಗ ತಿಕ್ಕಿದ್ದಕ್ಕ ಅದು ಹೋತು. ಈಗ ಇದು...” ದರ್ಜೆ ಹುಡುಕಿದೆ.

“ಸಂಸಾರಿ,” ಎಂದರು ಭಾಯ್ ಬರೆಯುತ್ತ. “ತಲಿಗೆ ಬಣ್ಣ ಹಚ್ಚಿದ ಸಂಸಾರಿ.”

ವೈನಿ ತನ್ನ ಬೆರಳುಗಳನ್ನು ನೋಡಿಕೊಂಡಳು, ಆಮೇಲೆ ಅತ್ತೆಯನ್ನು ನೋಡಿದಳು. ದೊಡ್ಡವ್ವ ಮಾತ್ರ ನನ್ನನ್ನೇ ನೋಡುತ್ತಿದ್ದಳು.

“ಮತ್ತ ಕರ್ರಗಾಗೈತಿ ಅಂದ್ಯಲ್ಲ. ಎಣ್ಣಿಜಿಡ್ಡು ಅಂದಿ.”

“ಅಂದೆ.”

“ಖರೇನ ಹಂಗ ಅನಿಸಿತ್ತೇನು?”

“ಇಲ್ಲ.”

“ಹಂಗಾರ ಯಾಕಂದಿ?”

“ಕಡಿಮಿಗೆ ಕೇಳಾಕ.”

ಹೀಗೆ ನಾಲ್ಕೇ ಮಾತಿನಲ್ಲಿ ಮುಗಿಯಿತು. ಇಷ್ಟು ಚಿಕ್ಕದಾಗಿ ಸತ್ಯ ಹೇಳಬಹುದೆಂದು ಮೊದಲೇ ತಿಳಿದಿದ್ದರೆ ಬಸ್ಸಿನ ಖರ್ಚಾದರೂ ಉಳಿಯುತ್ತಿತ್ತು. ಸಿಟ್ಟು ಬರುತ್ತದೆ ಎಂದು ಕಾದೆ. ದೊಡ್ಡವ್ವ ಮೂಗಿನಿಂದ ಒಂದು ಸದ್ದು ತೆಗೆದಳು. ಅದು ನಗು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

“ನಿಮ್ಮಪ್ಪನೂ ಹಿಂಗ ಮಾಡಿದ್ದ,” ಎಂದಳು. “ನಿಮ್ಮವ್ವನ್ನ ನೋಡಾಕ ಬಂದಾಗ, ಹುಡುಗಿ ಕುಳ್ಳ ಆದಾಳ ಅಂತ ಹೆಸರಿಟ್ಟು ಹೋದ. ಮುಂದ ಮೂರು ತಿಂಗಳು ನಮ್ಮನಿ ಮುಂದನ ತಿರಿಗ್ಯಾಡಿದ. ನಿಮ್ಮ ಮನಿತನಾನ ಹಂಗೈತಿ. ಬೇಕಾದ್ದಕ್ಕ ಹೆಸರಿಡ್ತೀರಿ.” ಆಮೇಲೆ ಭಾಯ್ ಕಡೆ ತಿರುಗಿದಳು. “ಅಣ್ಣಾ, ನೀವು ನಡುವಿನವರು. ತಿಕ್ಕೂಕಿಂತ ಮದ್ಲ ಇದಕ್ಕ ಎಷ್ಟಿತ್ತಂತಾನ ಇವ?”

ಭಾಯ್ ನನ್ನ ಮುಖ ನೋಡಲಿಲ್ಲ. “ಒಂಬತ್ತು ಸಾವಿರ ಅಂದ್ರಮ್ಮ. ಹೋಟೆಲ್‌ನ್ಯಾಗ ಅಂದ್ರು, ನಾ ಕೇಳೀನಿ.”

“ಒಂಬತ್ತು,” ಎಂದಳು ದೊಡ್ಡವ್ವ. ಆಕೆ ಲೆಕ್ಕಕ್ಕೆ ಬೆರಳು ಮಡಚುವುದಿಲ್ಲ, ಕಣ್ಣು ಮುಚ್ಚುತ್ತಾಳೆ. ಮುಚ್ಚಿದಳು, ತೆರೆದಳು. “ಹಂಗಾರ ಒಂಬತ್ತ ಕೊಡು.”

“ಈಗ ಅದು ಅಷ್ಟು ಬಾಳಂಗಿಲ್ಲ ದೊಡ್ಡವ್ವ.”

“ಅದು ನನಗ ಗೊತ್ತಾತಲ್ಲ. ನೀನ ಹೇಳಿದಿ, ಎಲ್ಲಾರ ಮುಂದ ಹೇಳಿದಿ, ಈ ಅಣ್ಣ ಬರಕೊಂಡಾರ. ಕೂಸು ಕೊಡಾಕ ಕುಂತಿದ್ದೆ ನಾನು. ಬೆಳ್ಳಗಿದ್ರ ಮಾತು ಬ್ಯಾರೆ ಅಂದಾವ ನೀ. ತಿಕ್ಕಿದಾಕಿ ಇಕಿ, ತಿಕ್ಕಸಿದಾವ ನೀ. ಕಡದ ಹಣ್ಣು ಯಾರಾದ್ರೂ ವಾಪಸ್ ಇಡ್ತಾರೇನು?”

ಚೌಕಾಶಿಗೆ ಬಾಯಿ ತಾನಾಗೇ ತೆರೆಯಿತು. ಮೂವತ್ತು ವರ್ಷದ ರೂಢಿ. ಆದರೆ ಹೆಸರಿಡಲು ಏನೂ ಉಳಿದಿರಲಿಲ್ಲ.

“ಏನಂತಿ ಈಗ?” ಎಂದಳು ದೊಡ್ಡವ್ವ. “ಬಾಳ ಬೆಳ್ಳಗಾಗೈತಿ ಅನ್ನವ ಇದ್ದಿ ಏನ್?”

ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಒಳಗಿನಿಂದ ಪಾತ್ರೆಯೊಂದು ಬಿದ್ದ ಸದ್ದಾಯಿತು, ನಗುವುದಕ್ಕೆಂದೇ ಬೀಳಿಸಿದ್ದು.

ನನ್ನ ಜೇಬಿನಲ್ಲಿದ್ದದ್ದು ಎರಡೇ ಸಾವಿರ, ಅದಕ್ಕಿಂತ ಹೆಚ್ಚು ತರುವ ಯೋಚನೆಯನ್ನೇ ನಾನು ಮಾಡಿರಲಿಲ್ಲ. ಉಳಿದ ಏಳನ್ನು ಗಿರಣಿಯ ಗೋಡೆಗೆ ಅಂಟಿಸಿದ್ದ, ದುಡ್ಡು ಕಟ್ಟುವ ಚೌಕುಳಿ ಚೀಟಿಗೆ ಮೊಬೈಲ್ ಹಿಡಿದು ಕಳಿಸಬೇಕಾಯಿತು. ಚೀಟಿಯ ಮೇಲೆ ಜೋಳದ ಹಿಟ್ಟು ಕೂತು ಮೊಬೈಲಿಗೆ ಕಾಣಲಿಲ್ಲ. ದೊಡ್ಡವ್ವನ ಮಗ ಅದನ್ನು ಒರೆಸಲು ಒದ್ದೆ ಅರಿವೆ ತಂದಾಗ ಭಾಯ್, “ಮೆಲ್ಲಗ ಒರಸ್ರೀ, ಜೋರ ತಿಕ್ಕಬ್ಯಾಡ್ರಿ, ಬೆಲಿ ಇಳೀತದ” ಎಂದರು. ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ಮಗನ ಮೊಬೈಲಿನಲ್ಲಿ ಹೆಂಗಸೊಬ್ಬಳ ದನಿ ಏಳು ಸಾವಿರ ಬಂದಿದೆ ಎಂದು ಗಿರಣಿಗೆಲ್ಲ ಕೇಳುವಂತೆ ಸಾರಿತು. ಮಗ, ಇದು ಯಾವ ಹಿಟ್ಟಿನ ಬಾಬತ್ತು ಎಂದು ಕೇಳಿದ. ದೊಡ್ಡವ್ವ, ಅದು ನನ್ನ ರೊಕ್ಕ, ನೀ ಮುಟ್ಟಬ್ಯಾಡ, ನಾಳೆ ಮುಂಜಾನೆ ಕೈಯಾಗ ಕೊಡು ಎಂದಳು.

ನೋಟುಬುಕ್ಕಿನಲ್ಲಿ ಭಾಯ್ ಆ ದಿನ ಮೂರು ಸಾಲು ಬರೆದಿದ್ದಾರೆ. ಗುರುತು, ಮೊದಲ ವರ್ಷ, ಅರ್ಧ ಅಕ್ಷರ. ದರ್ಜೆ, ಮೇಲೆ ಹೇಳಿದಂತೆ. ಕಾರಣ ಎಂಬಲ್ಲಿ ಹುಣಸೆಹಣ್ಣು ಎಂದು ಬರೆದು, ಅದನ್ನು ಹೊಡೆದು ಹಾಕಿ ಸಿಂಧನೂರಿನ ಸಾಹೇಬ್ರು ಎಂದು ಬರೆದಿದ್ದಾರೆ.

ರೂಪಾಯಿ ಒಂಬತ್ತು ಸಾವಿರಕ್ಕೆ ನನ್ನದಾಯಿತು. ಆ ದುಡ್ಡಿನಲ್ಲಿ ಹುಡುಗಿಯರಿಬ್ಬರಿಗೂ ಗೆಜ್ಜೆ ಬಂದವು, ಮುನ್ನೂರು ರೂಪಾಯಿ ಉಳಿಯಿತು.